ಮಳೆ ಮೊದಲು ಬಂತಾ, ರಾಗ ಮೊದಲು ಬಂತಾ?

ನಮ್ಮ ಕಡೆ ಯಾರನ್ನಾದರೂ ಸುಮ್ನೆ ಕೇಳಿ ನೋಡಿ. ಎದುರಿಗೆ ಕೂತು ಕೇಳಿದ ಸಂಗೀತದಲ್ಲಿ ನಿಮಗೆ ಮರೆಯೋಕೇ ಆಗದ್ದು ಯಾವುದು? ಉತ್ತರ ಇಲ್ಲದವರು ಸಿಗುವುದಿಲ್ಲ. ಚಿಂತಾಮಣಿಯವರು ಕೈವಾರದ ಸಂಗೀತೋತ್ಸವ ಎನ್ನುತ್ತಾರೆ. ಗುರುಪೂರ್ಣಿಮೆಯ ಹೊತ್ತಿಗೆ ಹಗಲು ರಾತ್ರಿ ಬಿಡುವಿಲ್ಲದೆ ಮೂರು ದಿನ ನಡೆಯುವ ಸಂಗೀತ ಅದು. ಬೆಳಗಿನ ಜಾವ ಅರೆನಿದ್ದೆಯಲ್ಲಿ ಕೇಳಿದ ನಾಗಸ್ವರದ ಬಗ್ಗೆ ಗಂಟೆಗಟ್ಟಲೆ ಹೇಳುವವರಿದ್ದಾರೆ. ಕೋಲಾರದವರು ಗಣೇಶನ ಹಬ್ಬದ ಆರ್ಕೆಸ್ಟ್ರಾ ನೆನೆಯುತ್ತಾರೆ. ತುಮಕೂರಿನ ಹಿರಿಯರಿಗೆ ಗುಬ್ಬಿ ಕಂಪನಿಯ ರಂಗಗೀತೆಗಳು. ಇನ್ನು ಕೆಲವರು ಬೆಂಗಳೂರಿಗೆ ಬಸ್ ಹತ್ತಿ ಹೋಗಿ, ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ಕೇಳಿ, ಕೊನೆ ಬಸ್ ತಪ್ಪಿ, ಮೆಜೆಸ್ಟಿಕ್ಕಿನಲ್ಲಿ ಬೆಳಗು ಮಾಡಿ ಬಂದವರು.

ಎಲ್ಲರೂ ಕೊನೆಗೆ ಒಂದೇ ಮಾತು ಸೇರಿಸುತ್ತಾರೆ. "ಕಣ್ಣಿಗೆ ಕಟ್ಟಿದ ಹಾಗಿದೆ, ನಿನ್ನೆ ಮೊನ್ನೆ ನಡೆದ ಹಾಗಿದೆ." ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ಕಾಣುತ್ತದೆ. ಆದರೆ ಕಣ್ಣಿಗೆ ಕಟ್ಟಿದ ಹಾಗಿದ್ದರೆ ಅದು ಹಾಗೇ ನಡೆದಿರಲೇಬೇಕು ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ನನ್ನ ತಕರಾರು ಇರುವುದು ಇಲ್ಲಿ. ನೆನಪು ಎಷ್ಟು ಹೊಳೆಯುತ್ತದೆ ಎನ್ನುವುದು ಒಂದು ವಿಷಯ. ಅದು ಎಷ್ಟು ಸರಿ ಎನ್ನುವುದು ಬೇರೆಯೇ ವಿಷಯ. ಈ ಎರಡನ್ನೂ ಒಂದೇ ಎಂದುಕೊಂಡಾಗಲೇ ಪವಾಡಗಳು ಹುಟ್ಟುವುದು.

ನಮ್ಮ ಚಿಕ್ಕಪ್ಪನ ಕಥೆ ಹೇಳುತ್ತೇನೆ. ಅವರು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್ ಆಗಿದ್ದವರು. ಸಂಗೀತ ಎಂದರೆ ಪ್ರಾಣ. 1980ರ ದಶಕದಲ್ಲಿ ಅವರ ಬೀದಿಯ ರಾಮನವಮಿ ಪೆಂಡಾಲಿನಲ್ಲಿ ಒಂದು ಕಚೇರಿ ನಡೆದಿತ್ತು. ಅದರ ಕಥೆ ಕೇಳದವರು ನಮ್ಮ ಮನೆಯಲ್ಲಿ ಇಲ್ಲ. ಬಿಸಿಲಿಗೆ ಊರೇ ಬೆಂದು ಹೋಗಿತ್ತಂತೆ. ಬೋರ್‌ವೆಲ್‌ಗಳು ಕೈಕೊಟ್ಟಿದ್ದವಂತೆ. ವಿದ್ವಾಂಸರು, ಹಾಡಿದರೆ ಮಳೆ ಬರುತ್ತದೆ ಎಂದು ಹೆಸರಾದ ಅಮೃತವರ್ಷಿಣಿ ರಾಗ ಎತ್ತಿಕೊಂಡರು. ಆಲಾಪನೆ ತಾರಷಡ್ಜ, ಅಂದರೆ ಮೇಲಿನ ಸ, ಮುಟ್ಟುವುದಕ್ಕೂ ಪೆಂಡಾಲಿನ ತಗಡಿನ ಮೇಲೆ ಪಟಪಟ ಹನಿ ಬೀಳುವುದಕ್ಕೂ ಸರಿಹೋಯಿತು. ಹೆಂಗಸರು ಎದ್ದು ಕೈ ಮುಗಿದರು. ಚಿಕ್ಕಪ್ಪ ಇದನ್ನು ಹೇಳುವಾಗ ಈಗಲೂ ಅವರ ಮುಂಗೈ ಮೇಲಿನ ಕೂದಲು ಎದ್ದು ನಿಲ್ಲುತ್ತದೆ. ನಾನೇ ನೋಡಿದ್ದೇನೆ.

ಆ ದಿನದ ಕ್ಯಾಸೆಟ್ ಕೆಲವು ವರ್ಷಗಳ ಹಿಂದೆ ಅಟ್ಟದ ಮೇಲೆ ಸಿಕ್ಕಿತು. ಮನೆಗೆ ಸುಣ್ಣ ಬಳಿಸಲು ಸಾಮಾನು ಇಳಿಸುತ್ತಿದ್ದರು. ಡಬ್ಬಿಯ ಮೇಲೆ ಚಿಕ್ಕಪ್ಪನದೇ ದುಂಡು ಅಕ್ಷರದಲ್ಲಿ ವಿದ್ವಾಂಸರ ಹೆಸರು, ಇಸವಿ, ರಾಮನವಮಿ ಎಂದು ಬರೆದಿತ್ತು. ಪಕ್ಕದ ಮನೆಯಿಂದ ಟೇಪ್ ರೆಕಾರ್ಡರ್ ತಂದು ಹಾಕಿದೆವು. ಮೊದಲು ವರ್ಣ. ಆಮೇಲೆ ಹಂಸಧ್ವನಿಯಲ್ಲಿ ಗಣಪತಿಯ ಮೇಲೊಂದು ಕೃತಿ. ಅದಾದ ಮೇಲೆ ಇನ್ನೊಂದು ಕೃತಿ ನಡೆಯುತ್ತಿರುವಾಗಲೇ ತಗಡಿನ ಮೇಲೆ ಸದ್ದು ಶುರುವಾಯಿತು. ಒಂದೊಂದೇ ಹನಿ, ಆಮೇಲೆ ಜೋರು. ಮೈಕಿನಲ್ಲಿ ಯಾರೋ, "ಯಾರೂ ಏಳ್ಬೇಡ್ರಪ್ಪ, ಹಂಗೇ ಒಳಕ್ಕೆ ಜರುಗ್ಕೊಳ್ಳಿ" ಎಂದರು. ಕುರ್ಚಿ ಎಳೆಯುವ ಸದ್ದು, ಮಕ್ಕಳ ಕೇಕೆ. ಕೃತಿ ಮುಗಿಯಿತು. ವಿದ್ವಾಂಸರು ಮೆಲ್ಲಗೆ ನಕ್ಕಿದ್ದೂ ಕೇಳಿಸುತ್ತದೆ. ಆಮೇಲೆ ಅಮೃತವರ್ಷಿಣಿಯ ಆಲಾಪನೆ ಶುರುವಾಯಿತು. ಜನ ಚಪ್ಪಾಳೆ ತಟ್ಟಿದರು.

ಅಂದರೆ ರಾಗ ಮಳೆ ತರಲಿಲ್ಲ. ಮಳೆಯೇ ರಾಗ ತಂದಿತು. ಮಳೆ ಬಿದ್ದ ಖುಷಿಗೆ ವಿದ್ವಾಂಸರು ಆ ರಾಗ ಹಾಡಿದರು. ಎಂಥ ಸೊಗಸಾದ ಸಮಯಸ್ಫೂರ್ತಿ ನೋಡಿ! ನನಗಂತೂ ಪವಾಡಕ್ಕಿಂತ ಇದೇ ದೊಡ್ಡದು ಅನಿಸುತ್ತದೆ.

ಚಿಕ್ಕಪ್ಪ ರಿವೈಂಡ್ ಮಾಡಿಸಿ ಮತ್ತೆ ಕೇಳಿದರು. ಡಬ್ಬಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದು ಬೇರೆ ವರ್ಷದ್ದಿರಬೇಕು ಕಣೋ" ಎಂದರು. ಚಿಕ್ಕಮ್ಮ ಕೂಡ ಅವರ ಕಡೆಯೇ. "ನಾನೂ ಅಲ್ಲೇ ಕೂತಿದ್ದೆ, ರಾಗ ಹಾಡಿದ ಮೇಲೇ ಮಳೆ ಬಂದಿದ್ದು" ಎಂದರು.

ಇಬ್ಬರೂ ಪ್ರಾಮಾಣಿಕರು. ಇಬ್ಬರ ಬುದ್ಧಿಯೂ ಚುರುಕು. ಅವರ ನೆನಪಿಗೆ ಆಗಿದ್ದು ಕಾಯಿಲೆಯಲ್ಲ, ವಯಸ್ಸಿನ ದೋಷವೂ ಅಲ್ಲ. ಎಲ್ಲರ ಮಿದುಳೂ ಕೆಲಸ ಮಾಡುವ ರೀತಿಯೇ ಅದು.

ಇದನ್ನು ತೋರಿಸಿದ ಒಂದು ಪ್ರಸಿದ್ಧ ಅಧ್ಯಯನವಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಸಿಡಿಯಿತು. ಮರುದಿನ ಬೆಳಿಗ್ಗೆ ಎಮೋರಿ ವಿಶ್ವವಿದ್ಯಾಲಯದಲ್ಲಿ ಅಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಶ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಪ್ರಶ್ನೆಪತ್ರಿಕೆ ಹಂಚಿದರು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಎಂದೆಲ್ಲ ಕೇಳಿ ಬರೆಸಿಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆ ಮತ್ತೆ ಕೇಳಿದರು. 11 ಮಂದಿ ಮುಖ್ಯ ವಿವರಗಳಲ್ಲಿ ಒಂದನ್ನೂ ಸರಿಯಾಗಿ ಹೇಳಲಿಲ್ಲ. ಆದರೂ ಅವರಲ್ಲಿ ಹಲವರ ಮಾತಿನಲ್ಲಿ ಅನುಮಾನವೇ ಇರಲಿಲ್ಲ. ಹಿಂದೆ ಅವರೇ ಬರೆದಿದ್ದ ಕಾಗದ ತೋರಿಸಿದರೂ ಹಳೆಯ ನೆನಪು ಯಾರಿಗೂ ಮರಳಿ ಬರಲಿಲ್ಲ. ಅಕ್ಷರ ನನ್ನದೇ, ಆದರೆ ನಡೆದಿದ್ದು ಹೀಗಲ್ಲ ಎನ್ನುವ ಧಾಟಿಯಲ್ಲಿ ವಾದ ಮಾಡಿದವರೂ ಇದ್ದರು. ಕ್ಯಾಸೆಟ್ ಡಬ್ಬಿ ಹಿಡಿದು ಕೂತ ಚಿಕ್ಕಪ್ಪನನ್ನು ನೋಡಿದಾಗ ನನಗೆ ಮೊದಲು ನೆನಪಾಗಿದ್ದೇ ಈ ಅಧ್ಯಯನ.

ಇದಕ್ಕೂ ಬಹಳ ಹಿಂದೆ, 1932ರಲ್ಲೇ, ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ ಈ ದಾರಿ ತೋರಿಸಿದ್ದರು. ಅವರು ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನ ಜನರಿಗೆ ಓದಲು ಕೊಟ್ಟು, ಮತ್ತೆ ಮತ್ತೆ ನೆನಪಿನಿಂದ ಹೇಳಿಸಿದರು. ಪ್ರತಿ ಸಲವೂ ಕಥೆ ಇನ್ನಷ್ಟು ಗಿಡ್ಡವಾಯಿತು. ಅರ್ಥವಾಗದ ಭೂತದ ಪ್ರಸಂಗಗಳು ಉದುರಿಹೋದವು. ಕೇಳುವವರಿಗೆ ಗೊತ್ತಿರುವ ರೂಢಿಯ ಕಥೆಗಳ ಅಚ್ಚಿಗೆ ಅದು ಮೆಲ್ಲಗೆ ಇಳಿಯಿತು. ಬಾಯಿಪಾಠ ಮಾಡುವುದಲ್ಲ, ಅರ್ಥ ಮಾಡಿಕೊಂಡು ಮತ್ತೆ ಕಟ್ಟುವುದೇ ನೆನಪಿನ ಕೆಲಸ ಎಂದು ಬಾರ್ಟ್‌ಲೆಟ್ ವಾದಿಸಿದರು.

ಈಗ ನನಗೆ ಅತಿ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಇಷ್ಟು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಒಂದು ಅನುಭವ ನೆನಪಾಗಿ ಉಳಿಯಬೇಕಾದರೆ ನರಕೋಶಗಳ ನಡುವಿನ ಕೊಂಡಿಗಳು ಗಟ್ಟಿಯಾಗಬೇಕು. ಅದಕ್ಕೆ ಹೊಸ ಪ್ರೋಟೀನ್ ತಯಾರಾಗಬೇಕು. ಇದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಒಂದು ಸಲ ಗಟ್ಟಿಯಾದರೆ ಮುಗಿಯಿತು, ಆ ನೆನಪು ಮತ್ತೆ ಅಲುಗಾಡುವುದಿಲ್ಲ ಎಂದು ಬಹಳ ಕಾಲ ಹೆಚ್ಚಿನ ವಿಜ್ಞಾನಿಗಳು ತಿಳಿದಿದ್ದರು. 2000ದಲ್ಲಿ ನ್ಯೂಯಾರ್ಕಿನ ಕರೀಂ ನಾದರ್, ಗ್ಲೆನ್ ಶಾಫೆ, ಜೋಸೆಫ್ ಲೆಡೂ ಸೇರಿ ಈ ತಿಳಿವಳಿಕೆಯನ್ನು ಅಲ್ಲಾಡಿಸಿದರು. ಅವರು ಇಲಿಗಳಿಗೆ ಒಂದು ನಾದ ಕೇಳಿಸಿ ಅದರ ಜೊತೆಗೇ ಸಣ್ಣ ಶಾಕ್ ಕೊಟ್ಟರು. ಆ ನಾದ ಕೇಳಿದರೆ ಸಾಕು, ಇಲಿ ಹೆದರಿ ಮರಗಟ್ಟುತ್ತಿತ್ತು. ಆ ನೆನಪು ಗಟ್ಟಿಯಾಗಲು ಬೇಕಾದಷ್ಟು ಸಮಯ ಬಿಟ್ಟರು. ಆಮೇಲೆ ನಾದವನ್ನು ಇನ್ನೊಮ್ಮೆ ಕೇಳಿಸಿದರು. ಆ ನೆನಪು ಎದ್ದ ಹೊತ್ತಿಗೆ, ಪ್ರೋಟೀನ್ ತಯಾರಿಕೆ ತಡೆಯುವ ಅನಿಸೊಮೈಸಿನ್ ಎಂಬ ರಾಸಾಯನಿಕವನ್ನು ಅಮಿಗ್ಡಲ ಎಂಬ ಮಿದುಳಿನ ಭಾಗಕ್ಕೆ ಚುಚ್ಚಿದರು. ಮುಂದೆ ಆ ನಾದ ಕೇಳಿದರೂ ಇಲಿಗೆ ಮೊದಲಿನ ಭಯ ಇರಲಿಲ್ಲ. ನೆನಪನ್ನು ಎಬ್ಬಿಸದೆ ಸುಮ್ನೆ ಚುಚ್ಚಿದ ಇಲಿಗಳ ಭಯ ಮಾತ್ರ ಹಾಗೇ ಇತ್ತು.

ಇದರ ಅರ್ಥ ಏನು? ಹಾಗೇ ಬಿದ್ದಿರುವ ನೆನಪು ಗಟ್ಟಿ. ಕೈಗೆತ್ತಿಕೊಂಡ ನೆನಪು ಮೆತ್ತಗೆ. ಪ್ರತಿ ಸಲ ನೆನೆದಾಗಲೂ ಅದು ಸ್ವಲ್ಪ ಹೊತ್ತು ಬದಲಾಗಬಲ್ಲ ಸ್ಥಿತಿಗೆ ಬರುತ್ತದೆ. ಮತ್ತೆ ಗಟ್ಟಿಯಾಗುವಾಗ ಆ ಹೊತ್ತಿನ ಮಾತು, ಆ ಹೊತ್ತಿನ ಭಾವ ಅದಕ್ಕೆ ಸೇರಿಕೊಳ್ಳಬಹುದು. ಇಲಿಯ ಭಯಕ್ಕೂ ಮನುಷ್ಯರ ಕಚೇರಿ ನೆನಪಿಗೂ ಬಹಳ ದೂರ ಇದೆ, ನಿಜ. ಆದರೆ ಹೇಳುತ್ತ ಹೇಳುತ್ತ ನೆನಪು ಬದಲಾಗುತ್ತದೆ ಎನ್ನುವುದಕ್ಕೆ ಮನುಷ್ಯರ ಮೇಲಿನ ಪ್ರಯೋಗಗಳಲ್ಲೂ ಬೇಕಾದಷ್ಟು ಪುರಾವೆ ಇದೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಜನರಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದರು. ಪ್ರಶ್ನೆ ಕೇಳುವಾಗ ಕೆಲವರಿಗೆ ಕಾರುಗಳು ತಾಗಿದವು ಎಂದರು, ಕೆಲವರಿಗೆ ಅಪ್ಪಳಿಸಿದವು ಎಂದರು. ಅಪ್ಪಳಿಸಿದವು ಎಂದು ಕೇಳಿಸಿಕೊಂಡವರು ವೇಗವನ್ನು ಹೆಚ್ಚು ಅಂದಾಜು ಮಾಡಿದರು. ಒಂದು ವಾರದ ಮೇಲೆ, ತಾಗಿದವು ಎಂದು ಕೇಳಿಸಿಕೊಂಡವರಿಗಿಂತ ಇವರಲ್ಲಿ ಹೆಚ್ಚು ಮಂದಿ ಫಿಲ್ಮಿನಲ್ಲಿ ಇಲ್ಲದ ಗಾಜಿನ ಚೂರುಗಳನ್ನೂ ನೋಡಿದೆವು ಎಂದರು.

ನಮ್ಮ ಕಡೆಯವರಿಗೆ ಇದನ್ನು ಹೇಳಲು ನಾನು ಹರಿಕಥೆಯನ್ನು ಬಳಸುತ್ತೇನೆ. ದಾಸರ ಕೈಯಲ್ಲಿ ಅಚ್ಚಾದ ಪುಸ್ತಕ ಇರುವುದಿಲ್ಲ. ಕಥೆಯ ಹಂದರ ತಲೆಯಲ್ಲಿರುತ್ತದೆ. ನಾಲ್ಕಾರು ಪದ, ಕೆಲವು ಕಂದಪದ್ಯ ಬಾಯಿಗೆ ಬಂದಿರುತ್ತವೆ. ಉಳಿದದ್ದನ್ನು ಅವತ್ತಿನ ಸಭೆ ನೋಡಿ ಕಟ್ಟುತ್ತಾರೆ. ಜನ ಎಲ್ಲಿ ನಕ್ಕರೋ ಮುಂದಿನ ಊರಿನಲ್ಲಿ ಆ ಜಾಗ ಇನ್ನಷ್ಟು ಹಿಗ್ಗುತ್ತದೆ. ಎಲ್ಲಿ ಆಕಳಿಸಿದರೋ ಅಲ್ಲಿ ಕಥೆ ಕುಗ್ಗುತ್ತದೆ. ಹತ್ತು ವರ್ಷವಾದ ಮೇಲೆ ಆ ದಾಸರು ಹೇಳುವ ಗಜೇಂದ್ರಮೋಕ್ಷ ಮೊದಲ ದಿನ ಹೇಳಿದ್ದೇ ಅಲ್ಲ. ಆದರೂ ಗಜೇಂದ್ರಮೋಕ್ಷವೇ. ನಮ್ಮ ಮಿದುಳು ಹಳೆಯ ಕಚೇರಿಯನ್ನು ನೆನೆಯುವುದೂ ಹೀಗೇ. ಒಂದು ವ್ಯತ್ಯಾಸ ಇದೆ. ದಾಸರಿಗೆ ತಾವು ಕಟ್ಟುತ್ತಿದ್ದೇವೆ ಎಂದು ಗೊತ್ತಿರುತ್ತದೆ. ನೆನೆಯುವವರಿಗೆ ಅದು ಗೊತ್ತಾಗುವುದಿಲ್ಲ.

ಈಗ ಚಿಕ್ಕಪ್ಪನ ಮಳೆಯನ್ನು ನೋಡಿ. ಕಚೇರಿಯಲ್ಲಿ ಇದ್ದದ್ದು ಎರಡು ಘಟನೆ: ಮಳೆ, ರಾಗ. ಎರಡರ ನಡುವೆ ಕೆಲವೇ ನಿಮಿಷ ಅಂತರ. ಆ ರಾಗದ ಹೆಸರಿನ ಜೊತೆ ಒಂದು ಐತಿಹ್ಯ ಮೊದಲೇ ಅಂಟಿಕೊಂಡಿದೆ. ಎಟ್ಟಯಪುರದಲ್ಲಿ ಮುತ್ತುಸ್ವಾಮಿ ದೀಕ್ಷಿತರು ಅಮೃತವರ್ಷಿಣಿ ಹಾಡಿದಾಗ ಒಣಗಿದ ನೆಲಕ್ಕೆ ಮಳೆ ಬಂತು ಎನ್ನುವುದು ಕರ್ನಾಟಕ ಸಂಗೀತ ಕೇಳುವ ಪ್ರತಿ ಮನೆಗೂ ಗೊತ್ತು. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವ ಸಣ್ಣ ವಿವರ ಮಸುಕಾದಾಗ, ಮಿದುಳು ಆ ಜಾಗವನ್ನು ಗೊತ್ತಿರುವ ಕಥೆಯಿಂದ ತುಂಬಿತು. ಮೊದಲ ಸಲ ಹೇಳಿದಾಗ ಕೇಳಿದವರು ಕಣ್ಣರಳಿಸಿದರು. ಅವರು ಕಣ್ಣರಳಿಸಿದ್ದೂ ನೆನಪಿನ ಭಾಗವಾಯಿತು. ಚಿಕ್ಕಮ್ಮ ಅದೇ ಕಥೆಯನ್ನು ಊಟದ ಹೊತ್ತಿಗೆಲ್ಲ ಕೇಳಿ ಕೇಳಿ, ಅವರ ನೆನಪೂ ಅದೇ ಅಚ್ಚಿಗೆ ಬಂತು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಸಾಬೀತಾಯಿತು ಎನ್ನುತ್ತೇವೆ. ಒಂದೇ ಮನೆಯ ಇಬ್ಬರು ಸಾಕ್ಷಿಗಳು ಮೂವತ್ತು ವರ್ಷ ಒಟ್ಟಿಗೆ ಕೂತು ಮಾತಾಡಿದ್ದರೆ ಅದು ಒಂದೇ ಸಾಕ್ಷಿ.

ಮಳೆ ಬಂದ ಕಾರಣವೂ ಸರಳ. ರಾಮನವಮಿ ಬರುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವೆ. ನಮ್ಮ ರೈತರ ಲೆಕ್ಕದಲ್ಲಿ ರೇವತಿ, ಅಶ್ವಿನಿ ಮಳೆಯ ಕಾಲ. ಹಗಲೆಲ್ಲ ಕಾದ ನೆಲದ ಮೇಲಿನ ಬಿಸಿ ಗಾಳಿ ತೇವವನ್ನು ಹೊತ್ತು ಮೇಲೇರುತ್ತದೆ. ಸಂಜೆ ಹೊತ್ತಿಗೆ ಗುಡುಗುಮೋಡ ಕಟ್ಟುತ್ತದೆ. ಪೆಂಡಾಲಿನ ಕಚೇರಿ ಶುರುವಾಗುವುದೂ ಸಂಜೆಯೇ. ಇಂಥ ದಿನಗಳಲ್ಲಿ ಸಂಜೆ ಏನು ಹಾಡಿದರೂ ಕೆಲವು ಸಲ ಮಳೆ ಬರುತ್ತದೆ. ಅಮೃತವರ್ಷಿಣಿ ಹಾಡಿಯೂ ಒಂದು ಹನಿ ಬೀಳದ ಸಂಜೆಗಳನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲದ ನಾಡು ನಮ್ಮದು. ಇಲ್ಲಿ ಮೊದಲ ಹನಿ ಬಿದ್ದ ಗಳಿಗೆಯೇ ಮೈ ಜುಮ್ಮೆನ್ನಿಸುವಂಥದ್ದು. ಅದರ ಜೊತೆಗೆ ರಾಗವೂ ಸೇರಿದರೆ ಮರೆಯುವುದು ಹೇಗೆ?

ಮರೆಯಲಾಗದ್ದು ಏಕೆ ಎನ್ನುವುದು ಇನ್ನೊಂದು ಪ್ರಶ್ನೆ. ಕಿವಿಗಿಂತ ಸ್ವಲ್ಪ ಮುಂದೆ, ತಲೆಯ ಒಳಭಾಗದಲ್ಲಿ, ಎರಡೂ ಕಡೆ ಬಾದಾಮಿಯಷ್ಟು ದೊಡ್ಡದಾದ ಅಮಿಗ್ಡಲ ಇದೆ. ಭಾವ ಉಕ್ಕಿದಾಗ ಇದು ಎಚ್ಚರವಾಗುತ್ತದೆ. ಪಕ್ಕದಲ್ಲೇ ಇರುವ ಹಿಪೊಕ್ಯಾಂಪಸ್ ಹೊಸ ನೆನಪುಗಳನ್ನು ಕಟ್ಟುವ ಜಾಗ. ಇದನ್ನು ಗಟ್ಟಿಯಾಗಿ ಇಟ್ಟುಕೋ ಎನ್ನುವ ಸೂಚನೆ ಅಮಿಗ್ಡಲದಿಂದ ಅಲ್ಲಿಗೆ ಹೋಗುತ್ತದೆ. ಈ ಕೆಲಸಕ್ಕೆ ಅಡ್ರಿನಲಿನ್ ಜಾತಿಯ ಹಾರ್ಮೋನುಗಳು ಬೇಕು. 1994ರಲ್ಲಿ ಲ್ಯಾರಿ ಕೇಹಿಲ್, ಜೇಮ್ಸ್ ಮಗಾ ಮತ್ತು ಸಂಗಡಿಗರು ಇದನ್ನು ಚೆನ್ನಾಗಿ ತೋರಿಸಿದರು. ಹುಡುಗನೊಬ್ಬ ಅಪಘಾತಕ್ಕೆ ಸಿಕ್ಕುವ ಕಥೆಯನ್ನು ಚಿತ್ರಗಳ ಜೊತೆ ಹೇಳಿದರು. ಕೆಲವರಿಗೆ ಮೊದಲೇ ಪ್ರೊಪ್ರನೊಲೋಲ್ ಮಾತ್ರೆ ಕೊಟ್ಟಿದ್ದರು. ಬಿಪಿಗೆ ಕೊಡುವ ಮಾತ್ರೆ ಅದು, ಅಡ್ರಿನಲಿನ್ ಕೆಲಸವನ್ನು ತಡೆಯುತ್ತದೆ. ಮಾತ್ರೆ ತೆಗೆದುಕೊಳ್ಳದವರಿಗೆ ಅಪಘಾತದ ಭಾಗ ಉಳಿದದ್ದಕ್ಕಿಂತ ಜಾಸ್ತಿ ನೆನಪಿತ್ತು. ಮಾತ್ರೆ ತೆಗೆದುಕೊಂಡವರಿಗೆ ಆ ಹೆಚ್ಚಳ ಇರಲಿಲ್ಲ.

ಎದುರಿಗೇ ನಡೆಯುವ ಸಂಗೀತಕ್ಕೆ ಅಮಿಗ್ಡಲವನ್ನು ಎಬ್ಬಿಸುವ ಶಕ್ತಿ ಹೆಚ್ಚು ಎನ್ನುವುದೂ ಗೊತ್ತಾಗಿದೆ. 2024ರಲ್ಲಿ ಜೂರಿಕ್ ವಿಶ್ವವಿದ್ಯಾಲಯದವರು ಕೇಳುಗರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಹೊರಗೆ ಪಿಯಾನೋ ನುಡಿಸಿದರು. ಕೇಳುಗರ ಅಮಿಗ್ಡಲ ಎಷ್ಟು ಚಟುವಟಿಕೆಯಲ್ಲಿದೆ ಎನ್ನುವುದು ಕಲಾವಿದರಿಗೆ ಆ ಕ್ಷಣವೇ ಕಾಣುತ್ತಿತ್ತು. ಅದನ್ನು ನೋಡಿ ಅವರು ತಮ್ಮ ನುಡಿಸಾಣಿಕೆಯನ್ನು ಬದಲಿಸುತ್ತಿದ್ದರು. ಅದೇ ಸಂಗೀತದ ರೆಕಾರ್ಡಿಂಗ್ ಕೇಳಿಸಿದ್ದಕ್ಕಿಂತ ಇಲ್ಲಿ ಅಮಿಗ್ಡಲ ಹೆಚ್ಚು ಚುರುಕಾಗಿತ್ತು. ನಮ್ಮ ಕಚೇರಿಗಳಲ್ಲಿ ವಿದ್ವಾಂಸರಿಗೆ ಯಂತ್ರ ಬೇಕಾಗಿಲ್ಲ. ಮುಂದಿನ ಸಾಲಿನ ತಲೆಗಳು ಹೇಗೆ ಆಡುತ್ತಿವೆ, ಆಹಾ ಎಲ್ಲಿಂದ ಬಂತು ಎಂದು ನೋಡಿದರೆ ಸಾಕು. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್ ಬೆಳೆಯುವುದೂ ಮುಗಿಯುವುದೂ ಅದರ ಮೇಲೇ.

ಕಚೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಸುವ ತನಿ ಆವರ್ತನವನ್ನು ಗಮನವಿಟ್ಟು ಕೇಳಿದವರಿಗೆ ಇನ್ನೊಂದು ವಿಷಯ ಮೈಯಿಂದಲೇ ಗೊತ್ತಿರುತ್ತದೆ. ಮೃದಂಗ, ಘಟ, ಖಂಜಿರ ಸರದಿಯಲ್ಲಿ ನುಡಿಸುತ್ತವೆ. ಕೊರಪು ಎಂಬ ಭಾಗದಲ್ಲಿ ಒಬ್ಬೊಬ್ಬರ ಸರದಿಯ ಉದ್ದ ಕಡಿಮೆಯಾಗುತ್ತ ಬರುತ್ತದೆ. ಆಮೇಲೆ ಎಲ್ಲರೂ ಸೇರಿ ಮುಗಿತಾಯದ ಸೂಚನೆಯಾದ ಮೋರಾ. ಅದಾದ ಮೇಲೆ ಮುಕ್ತಾಯ, ಮೂರು ಸಲ. ಸಭೆಯಲ್ಲಿ ಅರ್ಧ ಜನ ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ. ಮೂರನೆಯ ಸಲ ಮುಗಿಯುವುದಕ್ಕೂ ಹಾಡು ಶುರುವಾಗುವ ಜಾಗವಾದ ಎಡುಪಿಗೂ ಸರಿಯಾಗಿ ಬರಬೇಕು. ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಬಂತು! ಇಡೀ ಸಭೆಯ ಕೈ ಒಂದೇ ಸಲ ಬೀಳುತ್ತದೆ.

ಈ ಕಾಯುವಿಕೆಗೂ ಈ ಬಂತು ಎನ್ನುವುದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಜಾಗ ಇದೆ. 2011ರಲ್ಲಿ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದ ವಲೋರಿ ಸಲಿಂಪೂರ್, ರಾಬರ್ಟ್ ಝಟೋರ್ ಮತ್ತಿತರರು, ಮೈ ಜುಮ್ಮೆನ್ನಿಸುವ ಸಂಗೀತವನ್ನು ಕೇಳುಗರಿಂದಲೇ ಆರಿಸಿ ತರಿಸಿ ಪರೀಕ್ಷೆ ಮಾಡಿದರು. ಉತ್ತುಂಗ ಬರುವುದಕ್ಕೆ ಮುಂಚೆ, ಕಾಯುವಾಗಲೇ, ಮಿದುಳಿನ ಕಾಡೇಟ್ ಎಂಬ ಭಾಗದಲ್ಲಿ, ಖುಷಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಯಿತು. ಉತ್ತುಂಗ ಬಂದಾಗ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಇನ್ನೊಂದು ಭಾಗದಲ್ಲಿ ಬಿಡುಗಡೆಯಾಯಿತು. ಹಸಿವಾದಾಗ ಉಂಡ ಅನ್ನದ ಖುಷಿಗೂ ಬಳಕೆಯಾಗುವ ಜಾಲ ಇದು. ಹೊಟ್ಟೆಗೆ ಏನೂ ಕೊಡದ ಸದ್ದಿಗೆ ಮಿದುಳು ಇಷ್ಟು ದೊಡ್ಡ ಬಹುಮಾನ ಕೊಡುತ್ತದೆ ಎನ್ನುವುದೇ ಅಚ್ಚರಿ. ಹೆಚ್ಚು ಹಿತ ಕೊಟ್ಟ ಸಂಗೀತ ಮರುದಿನವೂ ಹೆಚ್ಚು ನೆನಪಿರುತ್ತದೆ ಎಂದೂ ಪ್ರಯೋಗಗಳು ತೋರಿಸಿವೆ.

ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಇದು ಎಂದುಕೊಳ್ಳಬೇಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ಬಾರಿಸುವವರು ಮೊದಲು ಹುಲ್ಲಿಗೋ ಕಾಗದಕ್ಕೋ ಬೆಂಕಿ ಹಚ್ಚಿ ಚರ್ಮವನ್ನು ಕಾಯಿಸುತ್ತಾರೆ. ಬೆರಳಿನಿಂದ ತಟ್ಟಿ ನೋಡುತ್ತಾರೆ, ಮತ್ತೆ ಕಾಯಿಸುತ್ತಾರೆ. ತೇವ ಆರಿ ಚರ್ಮ ಬಿಗಿಯಾದಷ್ಟೂ ಸದ್ದು ಏರುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಕಂಪನದ ವೇಗ ಎರಡು ಪಟ್ಟು. ಆ ಬಿಸಿ ಚರ್ಮದ ವಾಸನೆ ಬಂದರೆ ಸಾಕು, ಊರ ಜಾತ್ರೆ ಎದುರಿಗೆ ಬರುತ್ತದೆ ಎನ್ನುವವರು ಇದ್ದಾರೆ. ಅದಕ್ಕೂ ಕಾರಣ ಇದೆ. ನೋಟ, ಸದ್ದುಗಳೆಲ್ಲ ಥಲಾಮಸ್ ಎಂಬ ನಿಲ್ದಾಣ ಹಾದು ಮುಂದೆ ಹೋಗುತ್ತವೆ. ವಾಸನೆಗೆ ಆ ನಿಲ್ದಾಣ ಇಲ್ಲ. ಮೂಗಿನಿಂದ ಬಂದ ಸುದ್ದಿ ಅಮಿಗ್ಡಲಕ್ಕೆ ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ.

ಇನ್ನು ಗಣೇಶನ ಮೆರವಣಿಗೆಯ ದೊಡ್ಡ ಸ್ಪೀಕರ್. 2022ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು, ಕಿವಿಗೆ ಕೇಳಿಸದಷ್ಟು ತಗ್ಗಿನ ಬೇಸ್ ಸದ್ದನ್ನು ಸಂಗೀತ ಕಾರ್ಯಕ್ರಮದ ನಡುನಡುವೆ ಹಾಕಿ, ತೆಗೆದು ನೋಡಿದರು. ಆ ಸದ್ದು ಇದ್ದಾಗ ಜನ ಸುಮಾರು 12% ಜಾಸ್ತಿ ಕುಣಿದರು. ಕೇಳಿಸದೆಯೇ ಮೈ ಆಡಿತು.

ಹಿರಿಯರಲ್ಲಿ ಹೆಚ್ಚಿನವರು ಹೇಳುವ ಮರೆಯಲಾಗದ ರಾತ್ರಿ ಹದಿನೈದರಿಂದ ಇಪ್ಪತ್ತೈದರ ಒಳಗಿನ ವಯಸ್ಸಿನದು. ಬದುಕಿನ ಯಾವ ಕಾಲದ ನೆನಪು ಹೆಚ್ಚು ಉಳಿಯುತ್ತದೆ ಎಂದು ಲೆಕ್ಕ ಹಾಕಿದವರಿಗೆಲ್ಲ ಆ ವಯಸ್ಸಿನಲ್ಲೇ ಲೆಕ್ಕ ಗುಡ್ಡದ ಹಾಗೆ ಏರಿದ್ದು ಕಾಣಿಸಿದೆ. ಆಗ ಎಲ್ಲವೂ ಮೊದಲನೆಯದು. ಹಾಗಾಗಿ ಈಗಿನವರ ಹಾಡಿನಲ್ಲಿ ಆಗಿನ ಸತ್ವ ಇಲ್ಲ ಎನ್ನುವ ಮಾತನ್ನು ಹಾಡಿನ ಬಗ್ಗೆ ಬಂದ ತೀರ್ಪು ಎಂದು ತೆಗೆದುಕೊಳ್ಳಬಾರದು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು. ಅವರ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ, ಕುದುರೆ ರಂಗಕ್ಕೆ ಬರುತ್ತಿದ್ದವು. ತುಮಕೂರಿನ ಕಡೆ ಆ ಆನೆಯನ್ನು ತಾವೇ ನೋಡಿದ ಹಾಗೆ ಬಣ್ಣಿಸುವ, ಆದರೆ ಆ ನಾಟಕ ಆಡುವ ಕಾಲಕ್ಕೆ ಹುಟ್ಟೇ ಇರದ ಜನ ನನಗೆ ಸಿಕ್ಕಿದ್ದಾರೆ. ಅಜ್ಜ ಅಷ್ಟು ಚೆನ್ನಾಗಿ ಹೇಳಿದ್ದರು, ಅಷ್ಟೇ.

ನನಗೆ ಕೋಪ ಬರುವುದು ಈ ಸೊಗಸಾದ ವಿಜ್ಞಾನವನ್ನು ಬಿಟ್ಟು ಜನ ವಾಟ್ಸಾಪಿನ ಕಥೆಗೆ ಜೋತುಬೀಳುವಾಗ. ಆ ಕಚೇರಿಯಲ್ಲಿ ಮೈ ಜುಮ್ಮೆಂದಿದ್ದಕ್ಕೆ ಕಾರಣ 432 ಹರ್ಟ್ಸ್, ಅದು ಪ್ರಕೃತಿಯ ಶ್ರುತಿ, ಜಗತ್ತು ಬಳಸುವ 440 ಹರ್ಟ್ಸ್ ಮನಸ್ಸು ಕೆಡಿಸಲು ಮಾಡಿದ ಸಂಚು ಎಂಬ ಸಂದೇಶ ಬರುತ್ತಲೇ ಇರುತ್ತದೆ. ಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎನ್ನುವ ಲೆಕ್ಕ. ಸೆಕೆಂಡ್ ಅನ್ನು ಪ್ರಕೃತಿ ಮಾಡಿಲ್ಲ, ಮನುಷ್ಯರು ಮಾಡಿಕೊಂಡರು. ನಮ್ಮ ಹಿರಿಯರು ದಿನವನ್ನು 60 ಗಳಿಗೆ, ಗಳಿಗೆಯನ್ನು 60 ವಿಗಳಿಗೆ ಮಾಡಿದ್ದರು. ಒಂದು ವಿಗಳಿಗೆ ನಮ್ಮ 24 ಸೆಕೆಂಡ್. ಅದೇ ಸದ್ದನ್ನು ವಿಗಳಿಗೆಯಲ್ಲಿ ಎಣಿಸಿದರೆ 10,368 ಬರುತ್ತದೆ. ಆಗ 432ರ ಮಹಿಮೆ ಎಲ್ಲಿ ಹೋಯಿತು? 440ರ ಕಥೆಯೂ ಇಷ್ಟೇ. ದೇಶದೇಶದ ವಾದ್ಯಗಳು ಒಂದಕ್ಕೊಂದು ಹೊಂದಲಿ ಎಂದು 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ ಒಪ್ಪಿಕೊಂಡದ್ದು. ನಮ್ಮ ವಿದ್ವಾಂಸರಂತೂ ತಮ್ಮ ಗಂಟಲಿಗೆ ಹೊಂದುವ ಶ್ರುತಿ ಇಟ್ಟುಕೊಳ್ಳುತ್ತಾರೆ. ಗಂಡಸರು ಹೆಚ್ಚಾಗಿ ಹಾರ್ಮೋನಿಯಂನ ಒಂದನೆಯ ಮನೆಯ ಆಸುಪಾಸು, ಹೆಂಗಸರು ಐದನೆಯ ಮನೆಯ ಆಸುಪಾಸು. ಇಬ್ಬರ ಹಾಡಿಗೂ ಜನರ ಕಣ್ಣಲ್ಲಿ ನೀರು ಬರುತ್ತದೆ.

ಸಂಗೀತ ಕೇಳಿದರೆ ಮಗು ಜಾಣ ಆಗುತ್ತದೆ ಎನ್ನುವುದೂ ಇದೇ ಜಾತಿಯದು. 1993ರ ಮೂಲ ಪ್ರಯೋಗದಲ್ಲಿ ಇದ್ದವರು 36 ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ. ಮೊಜಾರ್ಟ್ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು ಉತ್ತರಿಸುವ ಒಂದು ಬಗೆಯ ಪರೀಕ್ಷೆಯಲ್ಲಿ ಮಾತ್ರ ಸ್ವಲ್ಪ ಹೆಚ್ಚಳ ಕಂಡಿತು. ಅದೂ ಹತ್ತು ಹದಿನೈದು ನಿಮಿಷ.

ಈ ಮಾತು ಆಡುವಾಗಲೆಲ್ಲ ನನಗೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಓದಲು ನಡೆದುಕೊಂಡೇ ಬೆಂಗಳೂರಿಗೆ ಹೋದವರು. ಭೌತವಿಜ್ಞಾನದ ಮೇಷ್ಟ್ರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಅದೇ ಮನುಷ್ಯ ಲಲಿತಕಲೆಗಳಿಗೂ ಬೆನ್ನೆಲುಬಾಗಿ ನಿಂತರು. ಪ್ರಶ್ನೆ ಕೇಳುವವರಿಗೆ ಸಂಗೀತದ ರುಚಿ ಗೊತ್ತಿಲ್ಲ ಎನ್ನುವವರಿಗೆ ನಾನು ಕೊಡುವ ಉದಾಹರಣೆ ಇವರೇ. ಮಳೆ ಮೊದಲೋ ರಾಗ ಮೊದಲೋ ಎಂದು ಕೇಳಿದರೆ ಅಮೃತವರ್ಷಿಣಿಯ ಐದು ಸ್ವರಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿಟ್ಟರೆ ಆಯಿತಲ್ಲ ಎನ್ನಬಹುದು. ಈಗ ಕೈವಾರಕ್ಕೆ ಹೋದರೂ ಮುಂದೆ ಕೂತವರ ಕೈಯೆಲ್ಲ ಮೇಲೆ ಇರುತ್ತದೆ. 2017ರಲ್ಲಿ ಅಲಿಕ್ಸಾಂಡ್ರಾ ಬರಾಶ್ ಮತ್ತು ಸಂಗಡಿಗರು ಫೋಟೋ ತೆಗೆಯುವುದರಿಂದ ನೆನಪಿಗೆ ಏನಾಗುತ್ತದೆ ಎಂದು ಪರೀಕ್ಷಿಸಿದರು. ಫೋಟೋ ತೆಗೆದವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ ನೆನಪಿತ್ತು. ಕಣ್ಣಿಗೆ ಗಮನ ಹೋದರೆ ಕಿವಿಗೆ ಉಳಿಯುವುದು ಕಡಿಮೆ. ಸಂಗೀತ ಕೇಳಲು ಹೋದವರಿಗೆ ಇದು ನಷ್ಟದ ವ್ಯಾಪಾರ. ರೆಕಾರ್ಡ್ ಬೇಕೇ ಬೇಕು ಎಂದರೆ ಚಿಕ್ಕಪ್ಪ ಮಾಡಿದ ಹಾಗೆ ಸದ್ದು ಮಾತ್ರ ರೆಕಾರ್ಡ್ ಆಗಲು ಬಿಟ್ಟು, ಮೊಬೈಲನ್ನು ಜೇಬಿಗೆ ಹಾಕಿಕೊಳ್ಳಿ.

ಇನ್ನೊಂದು ಕೆಲಸ ಮಾಡಿ. ಅದೇ ರಾತ್ರಿ, ವಾಪಸ್ ಬರುವ ಬಸ್ಸಿನಲ್ಲಿ, ಪಕ್ಕದವರ ಜೊತೆ ಕಚೇರಿ ಬಗ್ಗೆ ಮಾತು ಶುರು ಮಾಡುವ ಮೊದಲೇ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಕೃತಿ ಮೊದಲು, ಯಾವುದು ಆಮೇಲೆ. ಯಾರ ಪಕ್ಕ ಕೂತಿದ್ದಿರಿ. ಕರೆಂಟ್ ಹೋಗಿದ್ದು ಯಾವ ಹಾಡಿಗೆ. ಮೈ ಜುಮ್ಮೆಂದಿದ್ದು ಎಲ್ಲಿ, ತನಿಯಲ್ಲೋ, ಆಮೇಲಿನ ದೇವರನಾಮದಲ್ಲೋ. ಮಳೆ ಬಂದಿದ್ದರೆ ಗಂಟೆ ನೋಡಿ ಬರೆಯಿರಿ. ಕೆಳಗೆ ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ.